ವಿದೇಶಿ ಭಾಷೆಯ ಪ್ರವೇಶ ಪರೀಕ್ಷೆ: ಅಳೆಯುತ್ತಿರುವುದು ಯೋಚನೆಯನ್ನೋ, ಓದಿನ ವೇಗವನ್ನೋ?

ಕರಡುಪ್ರತಿ

ಜಪಾನಿನಲ್ಲಿ ವಿಶ್ವವಿದ್ಯಾಲಯ ಪ್ರವೇಶಕ್ಕೆ 1990ರಿಂದ 2020ರವರೆಗೆ ‘ಸೆಂಟರ್ ಟೆಸ್ಟ್’ ಇತ್ತು. 2021ರ ಜನವರಿಯಿಂದ ಅದರ ಜಾಗಕ್ಕೆ ‘ಕಾಮನ್ ಟೆಸ್ಟ್’ ಬಂದಿದೆ. ಇಂಗ್ಲಿಷ್ ಪತ್ರಿಕೆಯ ಚಹರೆಯೇ ಬದಲಾಯಿತು. ಮೊದಲು ಬರಹದ ಪತ್ರಿಕೆಗೆ 200, ಆಲಿಸುವಿಕೆಗೆ 50 ಅಂಕ ಇತ್ತು. ಈಗ ಓದಿಗೆ 100, ಆಲಿಸುವಿಕೆಗೆ 100. ಉಚ್ಚಾರಣೆ, ಒತ್ತು, ವ್ಯಾಕರಣ, ಪದ ಜೋಡಣೆ ಅಂತ ಬಿಡಿಬಿಡಿಯಾಗಿ ಕೇಳುತ್ತಿದ್ದ ಪ್ರಶ್ನೆಗಳನ್ನು ಕೈಬಿಟ್ಟರು. ಅವುಗಳ ಬದಲು ಜಾಹೀರಾತು, ಬ್ಲಾಗ್, ಗ್ರಾಫ್, ಎರಡು ಮೂರು ಲೇಖನ ಒಟ್ಟಿಗೆ ಓದಿ ಉತ್ತರಿಸುವ ಪ್ರಶ್ನೆಗಳು ಬಂದವು. ಯೋಚಿಸುವ, ನಿರ್ಣಯಿಸುವ, ವ್ಯಕ್ತಪಡಿಸುವ ಶಕ್ತಿಯನ್ನು ಅಳೆಯುವುದು ಇದರ ಘೋಷಿತ ಉದ್ದೇಶ.

ದಕ್ಷಿಣ ಕೊರಿಯಾ, ಚೀನಾ ಕೂಡ ತಮ್ಮ ತಮ್ಮ ದಾರಿಯಲ್ಲಿ ಇದನ್ನೇ ಮಾಡುತ್ತಿವೆ. ಪ್ರಶ್ನೆ ಇಷ್ಟೇ: ವಿದೇಶಿ ಭಾಷೆಯ ಪತ್ರಿಕೆಯಲ್ಲಿ ವಿದ್ಯಾರ್ಥಿ ತಪ್ಪು ಉತ್ತರ ಕೊಟ್ಟರೆ, ಅವನಿಗೆ ಭಾಷೆ ಬರಲಿಲ್ಲವೋ ಯೋಚನೆ ಬರಲಿಲ್ಲವೋ ಹೇಗೆ ಗೊತ್ತಾಗಬೇಕು? ಪ್ರಶ್ನೆಪತ್ರಿಕೆ ತೆಗೆಯುವವರು, ಮೌಲ್ಯಮಾಪನ ಮಾಡುವವರು ಈ ವೇದಿಕೆಯಲ್ಲಿ ಇದ್ದೀರಿ. ತತ್ವ ಸಾಕು, ಐಟಂ (ಬಿಡಿ ಪ್ರಶ್ನೆ) ಮಟ್ಟದಲ್ಲಿ ಮಾತಾಡೋಣ.

ಅಂಕಗಣಿತ

ಮೊದಲು ಒಂದು ಸರಳ ಲೆಕ್ಕ. ಕಾಮನ್ ಟೆಸ್ಟಿನ ಓದು ಪತ್ರಿಕೆ 80 ನಿಮಿಷದ್ದು. ಇತ್ತೀಚಿನ ವರ್ಷಗಳಲ್ಲಿ ಪ್ಯಾಸೇಜು, ಪ್ರಶ್ನೆ, ಆಪ್ಷನ್ ಎಲ್ಲ ಸೇರಿ ಸುಮಾರು 6,000 ಪದದವರೆಗೆ ಹೋಗಿದೆ. 6,000 ಭಾಗಿಸು 80, ಅಂದರೆ ನಿಮಿಷಕ್ಕೆ 75 ಪದ. ಕೇಳಲು ಹಗುರವೇ. ಆದರೆ ಇದರಲ್ಲಿ ಯೋಚನೆಗೆ ಒಂದು ಸೆಕೆಂಡೂ ಇಟ್ಟಿಲ್ಲ. ಸುಮಾರು 45 ಗುರುತು ಹಾಕಬೇಕು, ಒಂದೊಂದಕ್ಕೆ 45 ಸೆಕೆಂಡು ಅಂದುಕೊಳ್ಳಿ. ಅಲ್ಲಿಗೆ 34 ನಿಮಿಷ ಹೋಯಿತು. ಉಳಿದ 46 ನಿಮಿಷದಲ್ಲಿ 6,000 ಪದ, ಅಂದರೆ ನಿಮಿಷಕ್ಕೆ 130. ಹಿಂದಿರುಗಿ ಎರಡನೇ ಸಲ ನೋಡಿದರೆ ಇನ್ನೂ ಮೇಲೆ.

ನಿಮಿಷಕ್ಕೆ 90 ಪದ ಓದುವ ಹುಡುಗಿ ಕೊನೆಯ ಪ್ಯಾಸೇಜು ಮುಟ್ಟುವುದೇ ಇಲ್ಲ. ಎರಡು ಮೂಲಗಳನ್ನು ಹೋಲಿಸುವ, ಯೋಚನೆಗೆ ಅಂತಲೇ ಇಟ್ಟ ಪ್ರಶ್ನೆಗಳು ಬಹುಪಾಲು ಕೊನೆಯಲ್ಲೇ ಇರುತ್ತವೆ! ಅವಳು ಅಲ್ಲಿ ಕಳೆದುಕೊಂಡ ಅಂಕ ಅವಳ ತರ್ಕದ ಬಗ್ಗೆ ಏನನ್ನೂ ಹೇಳುವುದಿಲ್ಲ.

ಇದನ್ನು ಪತ್ತೆ ಮಾಡುವುದು ಕಷ್ಟವಲ್ಲ. ಉತ್ತರಪತ್ರಿಕೆಗಳಲ್ಲಿ ಕೊನೆಯ ಐದಾರು ಪ್ರಶ್ನೆ ಖಾಲಿ ಬಿಟ್ಟವರು ಅಥವಾ ಸಾಲಾಗಿ ಒಂದೇ ಆಪ್ಷನ್ ಗುರುತಿಸಿದವರು ಎಷ್ಟು ಮಂದಿ ಅಂತ ಎಣಿಸಿ. ಆಮೇಲೆ ಕೊನೆಯ ಭಾಗದ ಅಂಕವನ್ನು ಮೊದಲ ಭಾಗದ ಅಂಕದ ಜತೆ ಹೋಲಿಸಿ. ಕೊನೆಯವರೆಗೆ ತಲುಪಿದವರಲ್ಲಿ ಆ ಐಟಂ ಸುಲಭ, ಒಟ್ಟಾರೆಯಲ್ಲಿ ಮಾತ್ರ ಕಷ್ಟ ಅಂತ ಕಂಡರೆ ಅದು ವೇಗದ ಕಷ್ಟ.

ಹೊಸಬ

ವೇಗವಾಗಿ ಓದುವುದೂ ವಿಶ್ವವಿದ್ಯಾಲಯದಲ್ಲಿ ಬೇಕಾಗುವ ಕೌಶಲವೇ ಅಲ್ಲವೇ ಸರ್? ಅದನ್ನು ಅಳೆದರೆ ತಪ್ಪೇನು?

ಅಂಕಗಣಿತ

ತಪ್ಪೇನಿಲ್ಲ. ವೇಗ ಅಳೆಯುತ್ತೇವೆ ಅಂತ ಬ್ಲೂಪ್ರಿಂಟಿನಲ್ಲಿ (ಪತ್ರಿಕೆಯ ಯೋಜನೆಯಲ್ಲಿ) ಬರೆದು ಅದಕ್ಕೆ ಒಂದು ವಿಭಾಗ ಇಡಿ. ವೇಗ ಅಳೆದು ಅಂಕದ ಮೇಲೆ ‘ಯೋಚನಾಶಕ್ತಿ’ ಅಂತ ಚೀಟಿ ಅಂಟಿಸುವುದು ನನ್ನ ತಕರಾರು.

ನಿಹೊಂಗೊ

ಜಪಾನಿನ ಕಡೆಯ ಹಿನ್ನೆಲೆ ಸ್ವಲ್ಪ ಸೇರಿಸುತ್ತೇನೆ, ಇಲ್ಲದಿದ್ದರೆ ಈ ಪತ್ರಿಕೆ ಹೀಗೇಕಾಯಿತು ಅನ್ನುವುದು ತಿಳಿಯುವುದಿಲ್ಲ.

ಮೂಲ ಯೋಜನೆಯಲ್ಲಿ ಮಾತು ಮತ್ತು ಬರವಣಿಗೆಯನ್ನು ಖಾಸಗಿ ಸಂಸ್ಥೆಗಳ ಇಂಗ್ಲಿಷ್ ಪರೀಕ್ಷೆಗಳಿಂದ ಅಳೆಯಬೇಕಿತ್ತು. ಬೇರೆ ಬೇರೆ ಪರೀಕ್ಷೆಗಳ ಅಂಕವನ್ನು ಸಿಇಎಫ್‌ಆರ್ (ಭಾಷಾ ಸಾಮರ್ಥ್ಯದ ಯುರೋಪಿನ ಮಟ್ಟಗಳು) ಕೋಷ್ಟಕದಲ್ಲಿ ಕೂರಿಸಿ ಹೋಲಿಸುವುದು ಲೆಕ್ಕಾಚಾರ. ಶುಲ್ಕ, ಪರೀಕ್ಷಾ ಕೇಂದ್ರಗಳ ದೂರ, ಬೇರೆ ಉದ್ದೇಶಕ್ಕೆ ಮಾಡಿದ ಪರೀಕ್ಷೆಗಳನ್ನು ಒಂದೇ ತಕ್ಕಡಿಯಲ್ಲಿ ಇಡಬಹುದೇ ಅನ್ನುವ ಆಕ್ಷೇಪ, ಎಲ್ಲ ಸೇರಿ 2019ರ ನವೆಂಬರ್ 1ರಂದು ಅದನ್ನು ಮುಂದೂಡಿದರು. ಮರು ತಿಂಗಳು ಜಪಾನಿ ಭಾಷೆ ಮತ್ತು ಗಣಿತದ ಬರೆದು ಉತ್ತರಿಸುವ ಪ್ರಶ್ನೆಗಳೂ ನಿಂತವು. 2021ರ ಜುಲೈನಲ್ಲಿ ಎರಡನ್ನೂ ಅಧಿಕೃತವಾಗಿ ಕೈಬಿಟ್ಟರು.

ಬರೆಯುವ ಪ್ರಶ್ನೆಗಳು ನಿಂತದ್ದರಲ್ಲಿ ಒಂದು ಅಂಶ ಎಲ್ಲ ದೊಡ್ಡ ಪರೀಕ್ಷೆಗೂ ಪಾಠ. ಅಲ್ಲಿ ವಿದ್ಯಾರ್ಥಿಗಳು ಕಾಮನ್ ಟೆಸ್ಟ್ ಮುಗಿದ ಕೂಡಲೇ ಪ್ರಕಟಿತ ಉತ್ತರಗಳನ್ನು ನೋಡಿ ತಮಗೆ ತಾವೇ ಅಂಕ ಹಾಕಿಕೊಂಡು, ಆ ಅಂದಾಜಿನ ಮೇಲೆ ಯಾವ ವಿಶ್ವವಿದ್ಯಾಲಯದ ಎರಡನೇ ಹಂತದ ಸ್ವಂತ ಪರೀಕ್ಷೆಗೆ ಅರ್ಜಿ ಹಾಕುವುದು ಅಂತ ತೀರ್ಮಾನಿಸುತ್ತಾರೆ. ಗುರುತು ಹಾಕುವ ಪತ್ರಿಕೆಯಲ್ಲಿ ಇದು ಸುಲಭ. ಬರೆದ ಉತ್ತರಕ್ಕೆ ತಾನು ಹಾಕಿಕೊಂಡ ಅಂಕವೂ ಮೌಲ್ಯಮಾಪಕರು ಹಾಕುವ ಅಂಕವೂ ತಾಳೆಯಾಗದಿದ್ದರೆ ಅರ್ಜಿಯೇ ತಪ್ಪಾಗುತ್ತದೆ. ಜತೆಗೆ ಐದು ಲಕ್ಷದ ಆಸುಪಾಸಿನ ಉತ್ತರಪತ್ರಿಕೆಗಳನ್ನು ಕೆಲವೇ ವಾರಗಳಲ್ಲಿ ಒಂದೇ ಮಟ್ಟದಲ್ಲಿ ತಿದ್ದಲು ಸಾಕಷ್ಟು ಪಳಗಿದ ಜನ ಬೇಕು.

ಹೀಗಾಗಿ ‘ವ್ಯಕ್ತಪಡಿಸುವ ಶಕ್ತಿ’ಯನ್ನೂ ಗುರುತು ಹಾಕುವ ಪ್ರಶ್ನೆಯಲ್ಲೇ ಹಿಡಿಯಬೇಕಾಯಿತು. 2022ರಲ್ಲಿ ಪ್ರೌಢ ಹಂತದ ಪಠ್ಯಕ್ರಮಕ್ಕೆ ‘ತರ್ಕ ಮತ್ತು ಅಭಿವ್ಯಕ್ತಿ’ ಎಂಬ ಇಂಗ್ಲಿಷ್ ವಿಷಯ ಬಂತು. ಆ ತಂಡ ಪರೀಕ್ಷೆ ಬರೆದದ್ದು 2025ರ ಜನವರಿಯಲ್ಲಿ. ಅದಕ್ಕಾಗಿ 2022ರ ನವೆಂಬರಿನಲ್ಲೇ ಎರಡು ಮಾದರಿ ಪ್ರಶ್ನೆ ಪ್ರಕಟವಾಗಿದ್ದವು.

ಮೊದಲನೆಯದು ತರಗತಿಯಲ್ಲಿ ಮೊಬೈಲ್ ಬಳಕೆಯ ಬಗ್ಗೆ ಐವರ ಅಭಿಪ್ರಾಯ ಓದಿ, ನಿಲುವು ತಳೆದು, ಇನ್ನಷ್ಟು ಆಧಾರ ನೋಡಿ ಪ್ರಬಂಧದ ಚೌಕಟ್ಟು ಕಟ್ಟುವುದು. ಎರಡನೆಯದರಲ್ಲಿ ವಿದ್ಯಾರ್ಥಿಯೊಬ್ಬನ ಕರಡು ಪ್ರಬಂಧ ಇದೆ, ಅಂಚಿನಲ್ಲಿ ಅಧ್ಯಾಪಕರ ಷರಾ ಇದೆ: ಈ ಎರಡು ವಾಕ್ಯಗಳ ನಡುವೆ ಏನೋ ಬಿಟ್ಟುಹೋಗಿದೆ, ಇಲ್ಲಿ ಜೋಡಿಸುವ ಪದ ಬೇಕು, ಪ್ಯಾರಾದ ಮೊದಲ ವಾಕ್ಯಕ್ಕೂ ಉಳಿದದ್ದಕ್ಕೂ ಹೊಂದಿಕೆಯಿಲ್ಲ, ಕೊನೆಯ ಮಾತು ಇಡೀ ಪ್ರಬಂಧವನ್ನು ಹಿಡಿದಿಡುತ್ತಿಲ್ಲ. ಪ್ರತಿ ಷರಾಕ್ಕೆ ನಾಲ್ಕು ಆಪ್ಷನ್.

ನನ್ನ ಮಟ್ಟಿಗೆ ಎರಡನೆಯದು ಒಳ್ಳೆಯ ಐಟಂ, ಮೊದಲನೆಯದು ಅಷ್ಟಕ್ಕಷ್ಟೇ. ಮೊದಲನೆಯದರಲ್ಲಿ ‘ನಿಮ್ಮ ನಿಲುವು’ ಅಂತ ಪತ್ರಿಕೆಯೇ ಬರೆದು ಕೊಟ್ಟಿರುತ್ತದೆ. ವಿದ್ಯಾರ್ಥಿ ಮಾಡುವುದು ಆ ನಿಲುವಿನ ಪರ ಇರುವ ಇಬ್ಬರನ್ನು ಹುಡುಕುವ ಕೆಲಸ. ಅದು ಓದು. ಎರಡನೆಯದರಲ್ಲಿ ನಾಲ್ಕು ಆಪ್ಷನ್ನೂ ವ್ಯಾಕರಣದ ಪ್ರಕಾರ ಸರಿ, ಪದಗಳೂ ಸುಲಭ. ಮುಂದಿನ ಪ್ಯಾರಾಕ್ಕೆ ಕೊಂಡಿ ಹಾಕುವುದು ಯಾವುದು ಅಂತ ನೋಡದೆ ಉತ್ತರ ಸಿಗುವುದಿಲ್ಲ. ಭಾಷೆಯ ಹೊರೆ ಕಡಿಮೆ, ಯೋಚನೆಯ ಹೊರೆ ಹೆಚ್ಚು. ಬೇಕಾದದ್ದು ಇದೇ.

ಕರಡುಪ್ರತಿ

ಆ ಕೊನೆಯ ಮಾತನ್ನೇ ಐಟಂ ಬರೆಯುವ ಕ್ರಮವಾಗಿ ಬಿಡಿಸಬಹುದು.

ಪ್ಯಾಸೇಜು ಆಯ್ದು ಆಮೇಲೆ ಪ್ರಶ್ನೆ ಹುಡುಕುವುದು ಎಲ್ಲರ ಅಭ್ಯಾಸ. ಯೋಚನೆಯ ಐಟಂಗೆ ಇದನ್ನು ತಿರುಗಿಸಬೇಕು. ಮೊದಲು ವಿದ್ಯಾರ್ಥಿಯ ತಲೆಯಲ್ಲಿ ಯಾವ ಕೆಲಸ ನಡೆಯಬೇಕು ಅಂತ ಒಂದು ಸಾಲು ಬರೆಯಿರಿ: ‘ಒಂದು ನಿಯಮವನ್ನು ಹೊಸ ಸನ್ನಿವೇಶಕ್ಕೆ ಅನ್ವಯಿಸುವುದು’, ‘ಎರಡು ವರದಿಗಳು ಎಲ್ಲಿ ಒಪ್ಪುವುದಿಲ್ಲ ಅಂತ ಹೇಳುವುದು’, ‘ಹೇಳಿಕೆಗೆ ಕೊಟ್ಟ ಕಾರಣ ಅದನ್ನು ನಿಜಕ್ಕೂ ಸಮರ್ಥಿಸುತ್ತದೆಯೇ ನೋಡುವುದು’. ‘ಗ್ರಹಿಕೆ’, ‘ವಿಶ್ಲೇಷಣೆ’ ಅಂತ ಒಂದು ಪದ ಬರೆದರೆ ಅದರಿಂದ ಐಟಂ ಹುಟ್ಟುವುದಿಲ್ಲ. ಸಾಲು ಸಿಕ್ಕ ಮೇಲೆ ಆ ಕೆಲಸಕ್ಕೆ ತಕ್ಕ ಪಠ್ಯ ಬರೆಯಿರಿ ಅಥವಾ ಹುಡುಕಿ.

ಪಠ್ಯದಲ್ಲಿ ಅಪರಿಚಿತ ಪದ ಎಷ್ಟಿರಬಹುದು ಅನ್ನುವುದು ಇಲ್ಲಿ ನಿರ್ಣಾಯಕ. 95% ಪದ ಗೊತ್ತಿದ್ದರೆ 20ಕ್ಕೆ ಒಂದು ಗೊತ್ತಿಲ್ಲದ ಪದ; 300 ಪದದ ಪ್ಯಾಸೇಜಿನಲ್ಲಿ 15. ಇಷ್ಟಿದ್ದರೆ ಮುಕ್ಕಾಲು ಶ್ರಮ ಅರ್ಥ ಊಹಿಸುವುದರಲ್ಲೇ ಮುಗಿಯುತ್ತದೆ. 98% ಆದರೆ 50ಕ್ಕೆ ಒಂದು, ಅಂದರೆ 6. ಯೋಚನೆಯ ಐಟಂಗೆ ನಾನು 98ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಆಪ್ಷನ್‌ಗಳಲ್ಲಿ ಅಪರಿಚಿತ ಪದ ಒಂದೂ ಇರಬಾರದು.

ಒಂದು ಮಾದರಿ. ಪಠ್ಯ ವಿದೇಶಿ ಭಾಷೆಯಲ್ಲಿದೆ ಅಂದುಕೊಳ್ಳಿ.

ಸೂಚನೆ: ಓದುಕೋಣೆ ರಾತ್ರಿ 10ರವರೆಗೆ ತೆರೆದಿರುತ್ತದೆ. ಪರೀಕ್ಷೆಯ ವಾರದಲ್ಲಿ ಒಂದು ಗಂಟೆ ಹೆಚ್ಚು. ಮೂವರಿಗಿಂತ ಹೆಚ್ಚು ಜನ ಒಟ್ಟಾಗಿ ಕೂರುವುದಾದರೆ ಹಿಂದಿನ ದಿನವೇ ಹೆಸರು ಬರೆಸಬೇಕು.
ಸಂದೇಶ: ನಾಳೆಯಿಂದ ಪರೀಕ್ಷೆಯ ವಾರ. ನಾವು ನಾಲ್ವರೂ ನಾಳಿದ್ದು ರಾತ್ರಿ 10:15ಕ್ಕೆ ಓದುಕೋಣೆಯಲ್ಲಿ ಸೇರೋಣ.

‘ಪರೀಕ್ಷೆಯ ವಾರದಲ್ಲಿ ಕೋಣೆ ಎಷ್ಟು ಗಂಟೆಗೆ ಮುಚ್ಚುತ್ತದೆ?’ ಅಂತ ಕೇಳಿದರೆ 10ಕ್ಕೆ 1 ಕೂಡಿಸಿದರಾಯಿತು. ‘ಈ ಯೋಜನೆ ನಡೆಯಬೇಕಾದರೆ ಏನು ಮಾಡಬೇಕು?’ ಅಂತ ಕೇಳಿ, ಈ ನಾಲ್ಕು ಕೊಡಿ:

ಅ) ಇನ್ನೂ ಮುಂಚೆ ಸೇರಬೇಕು
ಆ) ನಾಳೆ ಹೆಸರು ಬರೆಸಬೇಕು
ಇ) ನಾಳಿದ್ದು ಹೆಸರು ಬರೆಸಬೇಕು
ಈ) ಏನೂ ಮಾಡಬೇಕಿಲ್ಲ

ಕೀ ಆನ್ಸರ್ ‘ಆ’. ‘ಅ’ ಆಯ್ದವನು ಪರೀಕ್ಷೆಯ ವಾರದ ವಿನಾಯಿತಿ ಬಿಟ್ಟ. ‘ಇ’ ಆಯ್ದವನು ನಿಯಮ ಹಿಡಿದ, ದಿನ ಲೆಕ್ಕ ಹಾಕಲಿಲ್ಲ. ‘ಈ’ ಅಂದವನು ನಾಲ್ವರು ಅನ್ನುವುದನ್ನು ನಿಯಮಕ್ಕೆ ತಗುಲಿಸಲಿಲ್ಲ. ಪ್ರತಿ ತಪ್ಪು ಆಪ್ಷನ್‌ಗೂ ತಪ್ಪಿದ ಒಂದು ಹೆಜ್ಜೆಯ ಹೆಸರು ಹೇಳಲು ಬರಬೇಕು. ಹೇಳಲು ಬಾರದ ಆಪ್ಷನ್ ಬರೀ ಜಾಗ ತುಂಬುವಂಥದು, ತೆಗೆದುಹಾಕಿ.

ಕೆಂಪುಶಾಯಿ

ಮಾದರಿ ಚೆನ್ನಾಗಿದೆ. ಆದರೆ 10:15ಕ್ಕೆ ಸೇರಿ ಎಷ್ಟು ಹೊತ್ತು ಓದುತ್ತಾರೆ ಅಂತ ಸಂದೇಶದಲ್ಲಿ ಇಲ್ಲ. ‘ಒಂದು ಗಂಟೆಯಾದರೂ ಓದುತ್ತಾರಲ್ಲ, 11ಕ್ಕೆ ಮುಚ್ಚಿದರೆ ಸಾಲದು’ ಅಂತ ಯೋಚಿಸಿದ ಚುರುಕು ವಿದ್ಯಾರ್ಥಿ ‘ಅ’ ಹಾಕಬಹುದು. ಕೀ ಆನ್ಸರ್ ಎರಡಾಯಿತು. ‘10:15ರಿಂದ 10:45ರವರೆಗೆ’ ಅಂತ ಸೇರಿಸಿದರೆ ಆ ದಾರಿ ಮುಚ್ಚಿತು.

ಯೋಚನೆಯ ಐಟಂಗಳಲ್ಲಿ ಪದೇಪದೇ ಆಗುವುದು ಇದೇ. ಹೆಚ್ಚು ಯೋಚಿಸುವವನೇ ಎಡವುತ್ತಾನೆ. ಐಟಂ ಪರಿಶೀಲನೆಗೆ ಕೂತವರಲ್ಲಿ ಒಬ್ಬರು ಪ್ರತಿ ತಪ್ಪು ಆಪ್ಷನ್ ಪರವಾಗಿ ವಕಾಲತ್ತು ವಹಿಸಬೇಕು. ಅವರ ವಾದಕ್ಕೆ ಪಠ್ಯದಿಂದಲೇ ಉತ್ತರ ಕೊಡಲಾಗದಿದ್ದರೆ ಐಟಂ ವಾಪಸ್.

ಹೊಸಬ

ನಿಜಾಂಶ–ಅಭಿಪ್ರಾಯ ಬೇರ್ಪಡಿಸುವ ಪ್ರಶ್ನೆಗಳು? ಜಪಾನಿನ ಪತ್ರಿಕೆಯಲ್ಲಿ ಅವು ಕಾಯಂ ಅತಿಥಿಗಳಂತೆ ಕಾಣುತ್ತವೆ.

ಕರಡುಪ್ರತಿ

ಬಹುತೇಕ ಕಡೆ ಅವು ಪದ ಹುಡುಕುವ ಆಟವಾಗಿವೆ. ‘ಅತ್ಯುತ್ತಮ’, ‘ಸುಂದರ’, ‘ಮಾಡಬೇಕು’ ಕಂಡರೆ ಅಭಿಪ್ರಾಯ, ಅಂಕಿ ಕಂಡರೆ ನಿಜಾಂಶ. ಕೋಚಿಂಗಿನಲ್ಲಿ ಅರ್ಧ ಗಂಟೆಯಲ್ಲಿ ಕಲಿಸಿಬಿಡುತ್ತಾರೆ. ಉಳಿಸಿಕೊಳ್ಳಬೇಕೆಂದರೆ ಈ ಸುಳಿವು ಕೆಲಸ ಮಾಡದಂತೆ ಬರೆಯಿರಿ: ‘ಈ ಆ್ಯಪ್ ಕಲಿಯಲು ದಿನಕ್ಕೆ 20 ನಿಮಿಷ ಸಾಕು’ (ಅಂಕಿ ಇದೆ, ಅಭಿಪ್ರಾಯ), ‘ಸಮೀಕ್ಷೆಗೆ ಉತ್ತರಿಸಿದವರಲ್ಲಿ ಹೆಚ್ಚಿನವರು ಇದು ಅದ್ಭುತ ಎಂದರು’ (ಹೊಗಳಿಕೆ ಇದೆ, ನಿಜಾಂಶ). ಇನ್ನೂ ಒಳ್ಳೆಯದು, ‘ಲೇಖಕಿಯ ಈ ಅಭಿಪ್ರಾಯಕ್ಕೆ ಪಠ್ಯದ ಯಾವ ನಿಜಾಂಶ ಆಧಾರ?’ ಅಂತ ಕೇಳುವುದು.

ಅಂಕಗಣಿತ

ಐಟಂ ಬರೆದಾಯಿತು ಅನ್ನಿ, ಈಗ ಪರೀಕ್ಷಿಸುವ ಕೆಲಸ. ಮೂರು ಪ್ರಯೋಗ ಹೇಳುತ್ತೇನೆ. ಖರ್ಚು ಕಡಿಮೆ.

ಒಂದು, ಪ್ಯಾಸೇಜು ಇಲ್ಲದೆ ಬರೀ ಪ್ರಶ್ನೆ–ಆಪ್ಷನ್ ಕೊಡಿ. ನಾಲ್ಕು ಆಪ್ಷನ್ ಇದ್ದರೆ ಕಣ್ಣುಮುಚ್ಚಿ ಗುರುತಿಸಿದರೂ 25% ಸರಿ ಬರುತ್ತದೆ. 50 ಜನರಲ್ಲಿ 25 ಜನ ಸರಿ ಮಾಡಿದರೆ ಐಟಂ ಪಠ್ಯವನ್ನು ಅಳೆಯುತ್ತಿಲ್ಲ. ಸಾಮಾನ್ಯ ಜ್ಞಾನವನ್ನೋ ಆಪ್ಷನ್‌ಗಳ ಉದ್ದವನ್ನೋ ಅಳೆಯುತ್ತಿದೆ. ಪರಿಸರ, ಆರೋಗ್ಯ, ಮೊಬೈಲ್ ವಿಷಯದ ಪ್ಯಾಸೇಜುಗಳು ಇಲ್ಲೇ ಬೀಳುತ್ತವೆ, ಏಕೆಂದರೆ ‘ಒಳ್ಳೆಯ’ ಉತ್ತರ ಯಾವುದು ಅಂತ ಎಲ್ಲರಿಗೂ ಮೊದಲೇ ಗೊತ್ತು. ಗ್ರಾಫ್ ಐಟಂಗೆ ಇದನ್ನು ಎರಡು ಸಲ ಮಾಡಿ: ಪಠ್ಯ ಮುಚ್ಚಿ ಗ್ರಾಫ್ ಮಾತ್ರ, ಆಮೇಲೆ ಗ್ರಾಫ್ ಮುಚ್ಚಿ ಪಠ್ಯ ಮಾತ್ರ. ಯಾವುದಾದರೊಂದರಿಂದಲೇ ಉತ್ತರ ಬಂದರೆ ‘ಎರಡನ್ನು ಜೋಡಿಸುವುದು’ ನಡೆಯುತ್ತಿಲ್ಲ.

ಎರಡು, ಅದೇ ಐಟಂ ಮಾತೃಭಾಷೆಯಲ್ಲಿ. ಕರಡುಪ್ರತಿಯವರ ಮೊದಲ ಪ್ರಶ್ನೆಗೆ ನೇರ ಉತ್ತರ ಇದರಲ್ಲಿದೆ. ಒಂದೇ ಮಟ್ಟದ ಎರಡು ಗುಂಪು ಮಾಡಿ, ಒಂದಕ್ಕೆ ವಿದೇಶಿ ಭಾಷೆಯ ಪ್ರತಿ, ಇನ್ನೊಂದಕ್ಕೆ ಮಾತೃಭಾಷೆಯ ಪ್ರತಿ. ಮಾತೃಭಾಷೆಯಲ್ಲಿ 95%, ವಿದೇಶಿ ಭಾಷೆಯಲ್ಲಿ 50% ಬಂದರೆ ಕಷ್ಟ ಪೂರ್ತಿ ಭಾಷೆಯದು. 65 ಮತ್ತು 55 ಬಂದರೆ ಯೋಚನೆಯ ಐಟಂ ಕೈಗೆ ಸಿಕ್ಕಿದೆ. ಎರಡರಲ್ಲೂ 30ರ ಸುತ್ತ ಇದ್ದರೆ ಮೊದಲು ಕೀ ಆನ್ಸರ್ ಸರಿಯಿದೆಯೇ ನೋಡಿ. ಈ ಗೆರೆಗಳು ನಾನು ಬಳಸುವ ಅಂದಾಜು, ಶಾಸ್ತ್ರವಲ್ಲ.

ಮೂರು, ಮಾಮೂಲಿ ಐಟಂ ವಿಶ್ಲೇಷಣೆ. ಕನಿಷ್ಠ 200 ಉತ್ತರಪತ್ರಿಕೆ ಬೇಕು, ಇಲ್ಲದಿದ್ದರೆ ಅಂಕಿ ತೂಗಾಡುತ್ತದೆ. ಸರಿ ಉತ್ತರದ ಪ್ರಮಾಣ 0.3ರಿಂದ 0.8ರ ನಡುವೆ, ಒಟ್ಟು ಅಂಕದ ಜತೆ ಐಟಂನ ಸಹಸಂಬಂಧ (ಎರಡೂ ಎಷ್ಟು ಜತೆಯಾಗಿ ಏರಿಳಿಯುತ್ತವೆ ಅನ್ನುವ ಅಳತೆ, ಗರಿಷ್ಠ 1) 0.2ಕ್ಕಿಂತ ಮೇಲೆ ಇರಲಿ. 5%ಗಿಂತ ಕಡಿಮೆ ಜನ ಆಯ್ದ ತಪ್ಪು ಆಪ್ಷನ್ ಸತ್ತಂತೆ. ಹೆಚ್ಚು ಅಂಕದ ಗುಂಪು ಒಂದೇ ತಪ್ಪು ಆಪ್ಷನ್ ಕಡೆಗೆ ಹೋಗಿದ್ದರೆ ಅದು ಕೆಂಪುಶಾಯಿಯವರು ಹೇಳಿದ ಎರಡು ಕೀ ಸಮಸ್ಯೆ. ಸಹಸಂಬಂಧ ಸೊನ್ನೆಯ ಕೆಳಗೂ ಇಳಿಯಬಹುದು.

ಒಂದು ಎಚ್ಚರಿಕೆ: ಪತ್ರಿಕೆಯ ಬಹುಪಾಲು ಭಾಷಾ ಜ್ಞಾನವನ್ನೇ ಅಳೆಯುತ್ತಿದ್ದರೆ ಒಟ್ಟು ಅಂಕದ ಜತೆಗಿನ ಸಹಸಂಬಂಧ ಒಳ್ಳೆಯ ಯೋಚನೆಯ ಐಟಂ ಅನ್ನೇ ‘ದುರ್ಬಲ’ ಅಂತ ತೋರಿಸುತ್ತದೆ. ಅಂಥ ಐಟಂಗಳನ್ನು ಒಂದು ಗುಂಪು ಮಾಡಿ ಆ ಗುಂಪಿನ ಮೊತ್ತದ ಜತೆ ಹೋಲಿಸಿ.

ಹಂಗುಲ್‌ಮೇಜು

ಕೊರಿಯಾದ ವಿಶ್ವವಿದ್ಯಾಲಯ ಪ್ರವೇಶ ಪರೀಕ್ಷೆ ಸಿಎಸ್‌ಎಟಿಯ ಇಂಗ್ಲಿಷ್ ಪತ್ರಿಕೆ 70 ನಿಮಿಷ, 45 ಪ್ರಶ್ನೆ. 17 ಆಲಿಸುವಿಕೆ, 28 ಓದು. ಅಲ್ಲಿ 31ರಿಂದ 34ರವರೆಗಿನ ‘ಖಾಲಿ ಜಾಗ ಊಹಿಸುವ’ ಪ್ರಶ್ನೆಗಳಿಗೆ ವಿದ್ಯಾರ್ಥಿಗಳು ಹೆದರುತ್ತಾರೆ. ಪ್ಯಾಸೇಜಿನ ಒಂದು ನುಡಿಗಟ್ಟು ತೆಗೆದು ವಾದದ ಓಟದಿಂದ ಅದನ್ನು ತುಂಬಬೇಕು. ಐಟಂ ಪ್ರಕಾರವಾಗಿ ಇದು ಗಟ್ಟಿ. ಆದರೆ ತತ್ವಶಾಸ್ತ್ರ, ವಿಜ್ಞಾನದ ಪುಸ್ತಕಗಳಿಂದ ಎತ್ತಿದ ಒಣ, ಅಮೂರ್ತ ಗದ್ಯವನ್ನು ಬಳಸಿದಾಗ ಮಾತೃಭಾಷೆಗೆ ಅನುವಾದಿಸಿ ಕೊಟ್ಟರೂ ತಲೆ ಕೆರೆದುಕೊಳ್ಳುವಂತಾಗುತ್ತದೆ. 2023ರ ಜೂನ್‌ನಲ್ಲಿ ‘ಕಿಲ್ಲರ್’ (ವಿಪರೀತ ಕಷ್ಟದ) ಪ್ರಶ್ನೆಗಳನ್ನು ತೆಗೆಯಬೇಕು ಅಂತ ಅಲ್ಲಿನ ಸರ್ಕಾರ ಹೇಳಿದ್ದರ ಹಿಂದೆ ಇಂಥವೂ ಇದ್ದವು. ಅಂಕಗಣಿತ ಅವರು ಹೇಳಿದ, ಎರಡೂ ಭಾಷೆಯಲ್ಲಿ 30ರ ಸುತ್ತ ಬರುವ ಬಗೆ ಇದೇ.

ಆ ಪತ್ರಿಕೆಯಲ್ಲಿ ಕಲಿಯಬೇಕಾದ್ದೂ ಇದೆ. ಲೇಖಕರ ವಾದ ಏನು, ಸಾರಾಂಶ ಏನು ಅಂತ ಕೇಳುವ ಪ್ರಶ್ನೆಗಳಿಗೆ ಆಪ್ಷನ್‌ಗಳು ಕೊರಿಯನ್ ಭಾಷೆಯಲ್ಲಿರುತ್ತವೆ. ವಿಷಯ, ಶೀರ್ಷಿಕೆ ಕೇಳುವಾಗ ಇಂಗ್ಲಿಷಿನಲ್ಲಿ. ಮೊದಲನೆಯದರಲ್ಲಿ ಆಪ್ಷನ್ ಅರ್ಥವಾಗದೆ ತಪ್ಪುವ ಸಾಧ್ಯತೆಯೇ ಇಲ್ಲ. ಎಲ್ಲವೂ ವಿದೇಶಿ ಭಾಷೆಯಲ್ಲೇ ಇರಬೇಕು ಅಂತ ಹಟ ಹಿಡಿಯುವವರು ಇದನ್ನು ನೋಡಬೇಕು.

2017ರ ನವೆಂಬರ್‌ನಿಂದ ಅಲ್ಲಿ ಇಂಗ್ಲಿಷಿಗೆ ನೇರ ಶ್ರೇಣಿ: 90 ಮತ್ತು ಮೇಲೆ ಬಂದರೆ ಮೊದಲ ಶ್ರೇಣಿ, ಎಷ್ಟು ಮಂದಿ ಬಂದರೂ ಸರಿ. ಇದರಿಂದ ಪತ್ರಿಕೆಯ ಕಷ್ಟ ವರ್ಷ ವರ್ಷ ಏರಿಳಿದರೆ ಮೊದಲ ಶ್ರೇಣಿಯ ಪ್ರಮಾಣವೂ ಏರಿಳಿಯುತ್ತದೆ. ಯೋಚನೆಯ ಐಟಂಗಳ ಕಷ್ಟ ಮೊದಲೇ ಅಂದಾಜು ಮಾಡುವುದು ವ್ಯಾಕರಣದ ಐಟಂಗಿಂತ ಕಷ್ಟ. ಕಾದಿರುವ ಅಪಾಯ ಇಲ್ಲಿದೆ.

ನಿಹೊಂಗೊ

ಮಾತೃಭಾಷೆಯ ವಿಷಯ ಬಂದದ್ದರಿಂದ: ಟೋಕಿಯೊ ವಿಶ್ವವಿದ್ಯಾಲಯದ ಎರಡನೇ ಹಂತದ ಇಂಗ್ಲಿಷ್ ಪತ್ರಿಕೆ (120 ನಿಮಿಷ, 120 ಅಂಕ) ಮೊದಲ ಪ್ರಶ್ನೆಯಲ್ಲೇ ಇಂಗ್ಲಿಷ್ ಪ್ಯಾಸೇಜು ಕೊಟ್ಟು 70ರಿಂದ 80 ಅಕ್ಷರದಲ್ಲಿ ಜಪಾನಿ ಭಾಷೆಯಲ್ಲಿ ಸಾರ ಬರೆಯಲು ಕೇಳುತ್ತದೆ. 80 ಅಕ್ಷರ ಅಂದರೆ ಎರಡು ವಾಕ್ಯ. ಉದಾಹರಣೆ ಸೇರಿಸಿದರೆ ವಾದಕ್ಕೆ ಜಾಗವಿಲ್ಲ. ಯಾವುದನ್ನು ಬಿಡಬೇಕು ಅಂತ ತೀರ್ಮಾನಿಸುವುದೇ ಇಲ್ಲಿ ಪರೀಕ್ಷೆ. ಸಾಲು ಸಾಲಾಗಿ ಅನುವಾದಿಸುವವನು ಅಕ್ಷರ ಮಿತಿಯಲ್ಲೇ ಸಿಕ್ಕಿಬೀಳುತ್ತಾನೆ. ಕೆಲವೇ ಸಾವಿರ ಜನ ಬರೆಯುವ ಹಂತದಲ್ಲಿ ಇದು ಸಾಧ್ಯ, ಐದು ಲಕ್ಷಕ್ಕೆ ಆಗದು.

ಮ್ಯಾಂಡರಿನ್

ಲಕ್ಷಗಟ್ಟಲೆ ಜನರಿಗೆ ಬರೆಸಲೂಬಹುದು ಅನ್ನುವುದಕ್ಕೆ ಚೀನಾದ ವಿಶ್ವವಿದ್ಯಾಲಯ ಪ್ರವೇಶ ಪರೀಕ್ಷೆ ಗಾವ್‌ಕಾವ್ ಉದಾಹರಣೆ. ಅಲ್ಲಿನ 2017ರ ಪ್ರೌಢಶಾಲಾ ಇಂಗ್ಲಿಷ್ ಪಠ್ಯಮಾನದಂಡ ನಾಲ್ಕು ಮೂಲ ಸಾಮರ್ಥ್ಯಗಳಲ್ಲಿ ‘ಯೋಚನೆಯ ಗುಣಮಟ್ಟ’ವನ್ನು ಒಂದಾಗಿ ಇಟ್ಟಿದೆ. ‘ಓದಿ ಮುಂದುವರಿಸಿ ಬರೆಯುವ’ ಪ್ರಶ್ನೆ ಝೆಜಿಯಾಂಗ್ ಪ್ರಾಂತ್ಯದಲ್ಲಿ 2016ರ ಅಕ್ಟೋಬರ್‌ನಲ್ಲಿ ಬಂದು ಆಮೇಲೆ ಬೇರೆ ಕಡೆಗೂ ಹರಡಿತು. 350 ಪದದೊಳಗಿನ ಕಥನ, ನಡುವಿನಲ್ಲಿ ನಿಂತಿರುತ್ತದೆ. ಮುಂದಿನ ಎರಡು ಪ್ಯಾರಾಗಳ ಮೊದಲ ವಾಕ್ಯ ಕೊಟ್ಟಿರುತ್ತಾರೆ. ವಿದ್ಯಾರ್ಥಿ ಸುಮಾರು 150 ಪದದಲ್ಲಿ ಮುಗಿಸಬೇಕು. 150 ಅಂಕದ ಪತ್ರಿಕೆಯಲ್ಲಿ ಇದಕ್ಕೆ 25.

ಚತುರತೆ ಇರುವುದು ಆ ಎರಡನೇ ವಾಕ್ಯದಲ್ಲಿ, ಅಂದರೆ ಎರಡನೇ ಪ್ಯಾರಾಕ್ಕೆ ಕೊಟ್ಟ ವಾಕ್ಯದಲ್ಲಿ. ಮೊದಲ ಪ್ಯಾರಾವನ್ನು ಎಲ್ಲಿಗೆ ಬೇಕಾದರೂ ಒಯ್ಯುವಂತಿಲ್ಲ, ಎರಡನೇ ವಾಕ್ಯ ನಿಲ್ಲುವ ಜಾಗಕ್ಕೆ ತಂದು ಮುಟ್ಟಿಸಬೇಕು. ಹಿಂದೆಯೂ ಮುಂದೆಯೂ ಹೊಂದಿಸುವ ಈ ಕೆಲಸ ಯೋಚನೆಯೇ. ಮೌಲ್ಯಮಾಪನವೂ ಸುಲಭವಾಗುತ್ತದೆ, ಕೊಂಡಿ ಕೂಡಿತೇ ಇಲ್ಲವೇ ಅಂತ ನೋಡಬಹುದು.

ಕೆಡುವುದು ತಯಾರಿಯಲ್ಲಿ. ಕಣ್ಣೀರು, ಎದೆಬಡಿತ, ಹೊಂಬಿಸಿಲಿನ ಸಿದ್ಧ ವಾಕ್ಯಗಳನ್ನು ಬಾಯಿಪಾಠ ಮಾಡಿಸಿ ಎಲ್ಲ ಕಥೆಗೂ ಅಂಟಿಸಲು ಕಲಿಸುತ್ತಾರೆ. ಭಾವುಕ ಕಥೆಗಳನ್ನೇ ಕೊಟ್ಟರೆ ಇದು ನಿಲ್ಲುವುದಿಲ್ಲ. ಸಮಸ್ಯೆ ಬಿಡಿಸುವ ಕಥನ ಕೊಟ್ಟು, ಮೂಲದಲ್ಲಿ ಎಲ್ಲೋ ಒಂದು ಕಡೆ ಬಂದ ವಸ್ತುವನ್ನೋ ಷರತ್ತನ್ನೋ ಬಳಸದೆ ಕೊನೆ ಮುಟ್ಟಲಾಗದಂತೆ ಎರಡನೇ ವಾಕ್ಯ ಬರೆದರೆ ಸಿದ್ಧ ವಾಕ್ಯಕ್ಕೆ ಜಾಗ ಇರುವುದಿಲ್ಲ.

ಕೆಂಪುಶಾಯಿ

ಬರವಣಿಗೆಯ ಮೌಲ್ಯಮಾಪನದ ಬಗ್ಗೆ ನನಗೆ ಹೇಳುವುದಿದೆ. ರೂಬ್ರಿಕ್ಕಿನಲ್ಲಿ (ಅಂಕ ಹಾಕುವ ಮಾನದಂಡದ ಪಟ್ಟಿಯಲ್ಲಿ) ‘ವಿಚಾರ’, ‘ಭಾಷೆ’ ಅಂತ ಎರಡು ಕಾಲಂ ಇಟ್ಟಾಕ್ಷಣ ಎರಡನ್ನೂ ಬೇರೆಯಾಗಿ ಅಳೆದಂತಾಗದು. ಒಂದೇ ಓದಿನಲ್ಲಿ ಎರಡಕ್ಕೂ ಅಂಕ ಹಾಕಿದರೆ ಭಾಷೆ ಚೆನ್ನಾಗಿರುವ ಉತ್ತರಕ್ಕೆ ವಿಚಾರದಲ್ಲೂ ಹೆಚ್ಚು ಬೀಳುತ್ತದೆ. ಎರಡು ಕಾಲಂ ನಡುವಿನ ಸಹಸಂಬಂಧ 0.9 ದಾಟಿದ್ದರೆ ನಿಮ್ಮಲ್ಲಿ ಇರುವುದು ಒಂದೇ ಕಾಲಂ.

ತಡೆಯುವ ಕ್ರಮ ಹೀಗೆ. ವಿಚಾರಕ್ಕೆ ಒಬ್ಬರು, ಭಾಷೆಗೆ ಇನ್ನೊಬ್ಬರು. ಅಷ್ಟು ಜನ ಇಲ್ಲದಿದ್ದರೆ ಒಬ್ಬರೇ ಎರಡು ಸುತ್ತು, ನಡುವೆ ಇಡೀ ಕಟ್ಟು ಮುಗಿಯಬೇಕು. ವಿಚಾರದ ಸುತ್ತಿನಲ್ಲಿ ಅಂಕ ಹಾಕುವ ಮೊದಲು ಮೂರು ಗುರುತು ಹಾಕಬೇಕು: ನಿಲುವು ಇದೆಯೇ, ಕಾರಣ ಇದೆಯೇ, ಆ ಕಾರಣ ಕೊಟ್ಟ ಪಠ್ಯಕ್ಕೆ ತಗುಲಿದೆಯೇ. ಅರ್ಥ ಕೆಡಿಸದ ಕಾಗುಣಿತ, ಕಾಲರೂಪದ ತಪ್ಪುಗಳು ಇಲ್ಲಿ ಲೆಕ್ಕಕ್ಕಿಲ್ಲ. ತಿದ್ದಲು ಶುರು ಮಾಡುವ ಮೊದಲು ಪ್ರತಿ ಬ್ಯಾಂಡಿಗೆ (ಅಂಕದ ಮಟ್ಟಕ್ಕೆ) ಎರಡು ಮಾದರಿ ಉತ್ತರ ಒಟ್ಟಿಗೆ ಕೂತು ಓದಬೇಕು. ಅದರಲ್ಲಿ ಒಂದು ‘ಭಾಷೆ ಹರಕು, ವಿಚಾರ ಗಟ್ಟಿ’, ಇನ್ನೊಂದು ‘ಭಾಷೆ ನಯ, ವಿಚಾರ ಪೊಳ್ಳು’ ಇರಲೇಬೇಕು, ಜಗಳ ಆಗುವುದೆಲ್ಲ ಅಲ್ಲೇ. ಕಟ್ಟಿನಲ್ಲಿ 20ಕ್ಕೆ ಒಂದರಂತೆ ಮೊದಲೇ ಅಂಕ ನಿಗದಿಯಾದ ಉತ್ತರ ಸೇರಿಸಿಡಿ. ಐದು ಬ್ಯಾಂಡಿನಲ್ಲಿ ಇಬ್ಬರ ನಡುವೆ ಒಂದಕ್ಕಿಂತ ಹೆಚ್ಚು ಅಂತರ ಬಂದರೆ ಮೂರನೆಯವರಿಗೆ.

ಪ್ರಶ್ನೆಯನ್ನೂ ಕಿರಿದು ಮಾಡಿ. ‘ನಿಮ್ಮ ಅಭಿಪ್ರಾಯ 200 ಪದದಲ್ಲಿ’ ಅಂದರೆ ಬಾಯಿಪಾಠದ ಪ್ರಬಂಧ ಬರುತ್ತದೆ. ‘ಲೇಖಕರ ಎರಡನೇ ಕಾರಣಕ್ಕೆ ಒಂದು ಆಕ್ಷೇಪ, 60ರಿಂದ 80 ಪದ’ ಅಂದರೆ ಓದದೆ ಬರೆಯಲಾಗದು.

ಹೊಸಬ

ಆಲಿಸುವಿಕೆಯಲ್ಲಿ ಯೋಚನೆ ಅಳೆಯಬಹುದೇ? ನೆನಪಿನ ಪರೀಕ್ಷೆಯಾಗುವುದಿಲ್ಲವೇ?

ನಿಹೊಂಗೊ

ಆಗುತ್ತದೆ, ಎಚ್ಚರ ತಪ್ಪಿದರೆ. ಸೆಂಟರ್ ಟೆಸ್ಟಿನಲ್ಲಿ ಎಲ್ಲವನ್ನೂ ಎರಡು ಸಲ ಕೇಳಿಸುತ್ತಿದ್ದರು. ಕಾಮನ್ ಟೆಸ್ಟಿನ ಮೊದಲ ವರ್ಷದಿಂದ ಮೊದಲೆರಡು ವಿಭಾಗ ಮಾತ್ರ ಎರಡು ಸಲ, ಉಳಿದದ್ದು ಒಂದೇ ಸಲ. ಉಪನ್ಯಾಸದ ಪ್ರಶ್ನೆಯಲ್ಲಿ ಟಿಪ್ಪಣಿಯ ಅರೆಖಾಲಿ ಹಾಳೆ ಪತ್ರಿಕೆಯಲ್ಲೇ ಇರುತ್ತದೆ, ಅದನ್ನು ಮೊದಲೇ ಓದಲು ಸಮಯವೂ ಇರುತ್ತದೆ. ನೆನಪಿನ ಹೊರೆ ಅಲ್ಲಿ ಇಳಿಯಿತು. ಆಮೇಲೆ ಗ್ರಾಫ್ ತೋರಿಸಿ, ಕೇಳಿದ್ದಕ್ಕೂ ಇದಕ್ಕೂ ಸೇರಿ ಏನು ತೀರ್ಮಾನಿಸಬಹುದು ಅಂತ ಕೇಳುತ್ತಾರೆ. ನಾಲ್ವರ ಚರ್ಚೆ ಕೇಳಿಸಿ ಕೊನೆಗೆ ಯಾರು ಯಾವ ಪರ ಅಂತ ಕೇಳುವ ಪ್ರಶ್ನೆಯಲ್ಲಿ ಮಾತ್ರ ದನಿ ಗುರುತಿಸುವುದೇ ಅರ್ಧ ಕೆಲಸವಾಗುತ್ತದೆ. ಹೆಸರು ಹಿಡಿದು ಮಾತಾಡಿಸುವ ಹಾಗೆ ಸಂಭಾಷಣೆ ಬರೆದರೆ ಅದು ತಗ್ಗುತ್ತದೆ.

ಕರಡುಪ್ರತಿ

ಒಂದು ಉಳಿದಿದೆ: ಎರಡು ಮೂರು ಗುರುತು ಸೇರಿ ಸರಿಯಾದರೆ ಮಾತ್ರ ಅಂಕ ಕೊಡುವ ಪದ್ಧತಿ. ಘಟನೆಗಳನ್ನು ಕ್ರಮದಲ್ಲಿ ಇಡುವ ಪ್ರಶ್ನೆಗಳಲ್ಲಿ ಇದು ಮಾಮೂಲು. ಇದರ ಬಗ್ಗೆ ಏನನ್ನುತ್ತೀರಿ?

ಅಂಕಗಣಿತ

ಊಹೆ ತಡೆಯಲು ಅದಕ್ಕಿಂತ ಗಟ್ಟಿ ಉಪಾಯವಿಲ್ಲ. ಐದು ಘಟನೆಗಳಲ್ಲಿ ನಾಲ್ಕನ್ನು ಆಯ್ದು ಕ್ರಮದಲ್ಲಿಡಿ ಅಂದರೆ 120 ಸಾಧ್ಯತೆ, ಕಣ್ಣುಮುಚ್ಚಿ ಸರಿಯಾಗುವುದು 120ಕ್ಕೆ ಒಂದು. ಆದರೆ ಮೂರನೆಯದು ನಾಲ್ಕನೆಯದು ಅದಲುಬದಲಾದವನಿಗೂ ಏನೂ ಓದದವನಿಗೂ ಒಂದೇ ಸೊನ್ನೆ. ಅಕ್ಕಪಕ್ಕದ ಜೋಡಿ ಸರಿಯಿದ್ದರೆ ಭಾಗಶಃ ಅಂಕ ಕೊಡಬಹುದು: ನಾಲ್ಕು ಘಟನೆಗೆ ಮೂರು ಜೋಡಿ, ಮೂರು ಅಂಕ. ಕಂಪ್ಯೂಟರ್ ತಿದ್ದುವುದಾದರೆ ಇದಕ್ಕೆ ಹೆಚ್ಚಿನ ಖರ್ಚಿಲ್ಲ. ವಿದ್ಯಾರ್ಥಿ ತಾನೇ ಲೆಕ್ಕ ಹಾಕಿಕೊಳ್ಳಬೇಕಾದ ವ್ಯವಸ್ಥೆಯಲ್ಲಿ ಮಾತ್ರ ನಿಯಮವನ್ನು ಪತ್ರಿಕೆಯ ಮೇಲೇ ಒಂದು ಉದಾಹರಣೆಯೊಂದಿಗೆ ಅಚ್ಚು ಹಾಕಬೇಕು. ಕಾಲದ ಪದಗಳನ್ನು (‘ಆಮೇಲೆ’, ‘ಅದಕ್ಕೂ ಮೊದಲು’) ನೋಡಿಯೇ ಕ್ರಮ ಸಿಗುವಂತಿದ್ದರೆ ಈ ಐಟಂಗೆ ಮೂರು ಅಂಕ ದುಬಾರಿ. ಒಂದು ಘಟನೆಯ ಕಾರಣ ಇನ್ನೊಂದು ಅಂತ ಗೊತ್ತಾದರೆ ಮಾತ್ರ ಕ್ರಮ ಬಿಡಿಸಲು ಬರುವಂತಿದ್ದರೆ ಕೊಡಿ.